ಹಿಡಿ ನಿಮ್ಮದು, ಅಲಗು ಅವನದು

ಗಿರಾಕಿಯೇ ದೇವರೆಂಬ ಮಾತು ಅಂಗಡಿಯ ಗೋಡೆಯಿಂದ ಇಳಿದು ಈಗ ಕುಶಲಕರ್ಮಿಯ ಕುಲುಮೆಯನ್ನೂ ಹೊಕ್ಕಿದೆ. ಸಾಬೂನು ಮಾರುವವನಿಗೆ ಅದು ಸಲ್ಲಬಹುದು. ಒಂದೊಂದು ಚಾಕುವನ್ನೂ ಸ್ವಂತ ಕಲ್ಪನೆಯಿಂದ ರೂಪಿಸಿ, ಕೈಯಾರೆ ಮಾಡಿ, ಅಲಗಿನ ಮೇಲೆ ತನ್ನ ಹೆಸರನ್ನು ಒತ್ತುವವನಿಗೆ ಸಲ್ಲದು. ಹಣ ಕೊಡುವವನು ಹೇಳಿದಂತೆಲ್ಲ ವಿನ್ಯಾಸ ಬದಲಾಗತಕ್ಕದ್ದೆಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪಲಾರೆ.

ಕೋರಿಕೆಗಳೆಲ್ಲ ಒಂದೇ ಜಾತಿಯವಲ್ಲ. ಹಿಡಿ ತನ್ನ ಅಂಗೈಗೆ ದಪ್ಪವಾಯಿತು, ತಾನು ಎಡಗೈಯವನಾದ್ದರಿಂದ ಒರೆ ಅದಕ್ಕೆ ತಕ್ಕಂತಿರಲಿ, ಕೊಂಬಿನ ಬದಲು ಮರದ ಹಿಡಿ ಹಾಕಿಕೊಡಿ ಎಂದರೆ ಅದು ನ್ಯಾಯ. ಕೈ ಅವನದು, ಅದರ ಸುಖದುಃಖ ಅವನಿಗೇ ಗೊತ್ತು. ಅಲಗಿನ ಮಾತು ಬೇರೆ. ಕಾಗದದಂತೆ ತೆಳ್ಳಗೂ ಇರಲಿ, ಕಟ್ಟಿಗೆ ಸೀಳಲೂ ಬರಲಿ ಎಂದು ಒಂದೇ ಉಸಿರಿನಲ್ಲಿ ಕೇಳುವವನು ಉಕ್ಕಿನ ಸ್ವಭಾವವನ್ನರಿಯ. ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಪೆಡಸಾಗುತ್ತದೆ. ಮತ್ತೆ ಸುಮಾರು 200 ಡಿಗ್ರಿಯಲ್ಲಿ ಹದಗೊಳಿಸಿದ ಮೇಲೆಯೇ ತಾಳಿಕೆ ಬರುವುದು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ. ಮುಂಗಡ ಹಣದ ಗಾತ್ರ ನೋಡಿ ಈ ಲೆಕ್ಕ ಬದಲಾಗುವುದಿಲ್ಲ. ಅಂದಕ್ಕಾಗಿ ಅಲಗಿನ ಬೆನ್ನಿನಲ್ಲಿ ಕೊರೆಸಿದ ಚೂಪು ಕಚ್ಚು ನಾಳೆ ಬಿರುಕಿಗೆ ಬಾಗಿಲಾಗುತ್ತದೆ. ಮುರಿದಾಗ ಗಿರಾಕಿಯ ಹೆಸರನ್ನು ಯಾರೂ ಎತ್ತುವುದಿಲ್ಲ; ಅಲಗಿನ ಮೇಲಿರುವುದು ಮಾಡಿದವನ ಹೆಸರು.

ಹಾಗಾದರೆ ಗಿರಾಕಿ ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಚಾಕು ಮಾಡುತ್ತಿದ್ದ ಬೋ ರಾಂಡಲ್, ಮರ್ಕ್ಯುರಿ ಗಗನಯಾನಿಗಳ ಚಾಕುವನ್ನು ರೂಪಿಸಿದ್ದು ಅವರಲ್ಲೊಬ್ಬನಾದ ಗಾರ್ಡನ್ ಕೂಪರನೊಡನೆ ಕೂಡಿ. ನೌಕೆ ಕಡಲಲ್ಲೋ ಕಾಡಲ್ಲೋ ಇಳಿದರೆ ಬದುಕಿ ಉಳಿಯಬೇಕೆಂಬುದು ಅಲ್ಲಿದ್ದ ಅಗತ್ಯ. ಅಂಥದೊಂದು ಚಾಕು ಗಸ್ ಗ್ರಿಸಮನ ನೌಕೆಯೊಡನೆ 1961ರಲ್ಲಿ ಅಟ್ಲಾಂಟಿಕ್ ಸಾಗರದ ತಳ ಸೇರಿ, 1999ರಲ್ಲಿ ಮೇಲೆ ಬಂದಾಗ, ತೊಳೆದರೆ ಬಳಸುವಂತಿತ್ತು. ಮಾಡಬೇಕಾದ ಕೆಲಸವನ್ನು ಗಿರಾಕಿ ಹೇಳಲಿ, ಅದಕ್ಕೊಪ್ಪುವ ಆಕಾರವನ್ನು ಕರ್ಮಿ ಹೇಳಲಿ. ಇಷ್ಟೇ ನನ್ನ ವಾದದ ತಾತ್ಪರ್ಯ.

ಇದರಲ್ಲಿ ಕರ್ಮಿಗಳ ತಪ್ಪೂ ಕಡಿಮೆಯಿಲ್ಲ. ಮನಸ್ಸಿಲ್ಲದೆ ತಲೆಯಾಡಿಸಿ, ಮುಂಗಡ ಜೇಬಿಗಿಳಿಸಿ, ಆಮೇಲೆ 'ನಾಳೆ ಬಾ' ಎಂದು ತಿಂಗಳುಗಟ್ಟಲೆ ಅಲೆಸುವುದು ಕಲಾಭಿಮಾನವಲ್ಲ, ಹೇಡಿತನ. ಕೇಳಿದಂತೆ ಮಾಡಿಕೊಟ್ಟು ಹೆಸರನ್ನು ಮಾತ್ರ ಒತ್ತದಿದ್ದರೆ ಸಾಕು ಎನ್ನುವ ಜಾಣರೂ ಇದ್ದಾರೆ. ತಾನು ಮಾಡಿದ ವಸ್ತುವಿಗೆ ತಂದೆಯಲ್ಲವೆನ್ನುವ ಈ ಜಾಣತನ ಇನ್ನೂ ಹೀನ. ಆಗದು ಎಂಬುದನ್ನು ಹಣ ಮುಟ್ಟುವ ಮೊದಲೇ, ಕಾರಣಸಹಿತ, ಮೃದುವಾಗಿ ಹೇಳತಕ್ಕದ್ದು. ಹೋಗುವ ಗಿರಾಕಿ ಹೋಗಲಿ. ಉಳಿಯುವವನು ನಂಬಿ ಉಳಿಯುತ್ತಾನೆ.

ಇಷ್ಟಾದರೂ ತನ್ನ ಮಾತೇ ನಡೆಯಬೇಕೆನ್ನುವವನಿಗೆ ಒಂದು ರಾಜಮಾರ್ಗವಿದೆ. 1953ರಲ್ಲಿ ಬಾಬ್ ಲವ್‌ಲೆಸ್ ಎಂಬ ನಾವಿಕ ರಾಂಡಲ್ ಚಾಕು ಕೊಳ್ಳಲು ನ್ಯೂಯಾರ್ಕಿನ ಅಂಗಡಿಯೊಂದಕ್ಕೆ ಹೋದ. 9 ತಿಂಗಳು ಕಾಯಬೇಕೆಂದರು. ಅವನು ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗಿನಿಂದ ತನ್ನ ಚಾಕುವನ್ನು ತಾನೇ ಮಾಡಿಕೊಂಡ. ಮುಂದೆ ಜಗತ್ಪ್ರಸಿದ್ಧ ಚಾಕುಕಾರನಾದ. ಆ ಹಾದಿ ಎಲ್ಲ ಗಿರಾಕಿಗಳಿಗೂ ಇಂದಿಗೂ ತೆರೆದಿದೆ.