ಹಳ್ಳಿಯ ಚಾವಡಿ ಮುಚ್ಚಿದ ಮೇಲೆ

ರಷ್ಯ ಎಂದ ಕೂಡಲೇ ನಮ್ಮಲ್ಲಿ ಕೆಲವರು ಕೈ ಮುಗಿಯುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಎರಡೂ ಪಂಗಡದವರು ನೋಡುವುದು ಮಾಸ್ಕೋವನ್ನು ಮಾತ್ರ. ಒಂದು ರಾಜ್ಯ ಯಾರದೆಂದು ತಿಳಿಯಬೇಕಾದರೆ ಅದರ ಕಟ್ಟಕಡೆಯ ತಾಲ್ಲೂಕನ್ನು ನೋಡಬೇಕೆಂಬುದು ನಮ್ಮ ಮತ. ಆದುದರಿಂದ ಈ ವಾರ ವಾಚಕರನ್ನು ಉತ್ತರ ರಷ್ಯದ ತೋತ್ಮಕ್ಕೆ ಕರೆದೊಯ್ಯುತ್ತೇವೆ.

ತೋತ್ಮ, ವೋಲಗ್ದ ಪ್ರಾಂತಕ್ಕೆ ಸೇರಿದ ಒಂದು ‘ರಯೋನ್’, ನಮ್ಮ ತಾಲ್ಲೂಕಿನಂತಹುದು. ವಿಸ್ತೀರ್ಣ ಎಂಟು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. 2010ರ ಜನಗಣತಿಯಲ್ಲಿ ಅಲ್ಲಿದ್ದವರು 25 ಸಾವಿರಕ್ಕೂ ಕಡಿಮೆ. ಅವರಲ್ಲಿ ಹತ್ತು ಸಾವಿರದ ಹತ್ತಿರ ಜನ ತೋತ್ಮ ಪಟ್ಟಣದಲ್ಲಿಯೇ. ಉಳಿದುದೆಲ್ಲ ಕಾಡು, ಜೌಗು, ನಡುನಡುವೆ ಹಳ್ಳಿ. ಸುಖೋನ ನದಿ ಈ ಸೀಮೆಯನ್ನು ಹಾಯ್ದು ಉತ್ತರ ದ್ವಿನಕ್ಕೆ ನೀರು ಕೊಡುತ್ತದೆ. ರೈಲು ಪಟ್ಟಣವನ್ನು ಮುಟ್ಟಿಲ್ಲ. ಪ್ರಾಂತದ ರಾಜಧಾನಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ಹಿಮ ಕರಗುವಾಗಲೂ ಮಳೆಗಾಲದಲ್ಲೂ ಮಣ್ಣಿನ ದಾರಿ ಕೆಸರಾಗಿ ಹಳ್ಳಿಗಳು ದ್ವೀಪಗಳಾಗುತ್ತವೆ. ಒಂದು ಕಾಲಕ್ಕೆ ಉಪ್ಪು ಬೇಯಿಸಿ ಬಾಳಿದ ಊರು ಇದು. ಜಾರನ ಸರಕಾರ ಕ್ರಾಂತಿಕಾರಿಗಳನ್ನು ಗಡಿಪಾರು ಮಾಡಿ ಕಳುಹಿಸಿದ ಊರೂ ಹೌದು. ಮುಂದೆ ಶಿಕ್ಷಣ ಸಚಿವನಾದ ಲುನಚಾರ್ಸ್ಕಿ ಇಲ್ಲಿ ದಿನ ಕಳೆದಿದ್ದನು.

ಈ ನೆಲದ ಹಣೆಯ ಮೇಲಿನ ಚೀಟಿ ಎಷ್ಟು ಸಲ ಬದಲಾಯಿತು ನೋಡಿ. ಜಾರರ ಕಾಲದಲ್ಲಿ ಇದು ವೋಲಗ್ದ ಗುಬೆರ್ನಿಯದ ಒಂದು ‘ಉಯೇಜ್ದ್’. 1929ರಲ್ಲಿ ಹಳೆಯ ವಿಭಾಗಗಳನ್ನು ಅಳಿಸಿ, ಅರ್ಖಾಂಗೆಲ್ಸ್ಕ್ ರಾಜಧಾನಿಯಾದ ಉತ್ತರ ಕ್ರಾಯ್‌ನೊಳಗೆ ತೋತ್ಮ ರಯೋನನ್ನು ಮಾಡಿದರು. 1936ರಲ್ಲಿ ಕ್ರಾಯ್ ಹೋಗಿ ಉತ್ತರ ಪ್ರಾಂತವಾಯಿತು. 1937ರಲ್ಲಿ ಅದನ್ನೂ ಒಡೆದು ವೋಲಗ್ದ ಪ್ರಾಂತಕ್ಕೆ ಸೇರಿಸಿದರು. ಗೆರೆ ಎಳೆದ ಕೈಗಳು ಎಂದೂ ಮೇಲಿನವೇ. ನೆಲ ಉಳುವವನನ್ನು ಯಾರೂ ಕೇಳಲಿಲ್ಲ.

‘ಸಮಸ್ತ ಅಧಿಕಾರವೂ ಸೋವಿಯೆತ್ತುಗಳಿಗೆ’ ಎಂಬುದು 1917ರ ಘೋಷಣೆ. ಹಳ್ಳಿಗೆ ಗ್ರಾಮ ಸೋವಿಯೆತ್ ಬಂದಿತು, ಚುನಾವಣೆಯೂ ನಡೆಯಿತು. ಆದರೆ ಬೀಗದ ಕೈ ಇದ್ದುದು ರಯೋನಿನ ಪಕ್ಷ ಸಮಿತಿಯ ಕಾರ್ಯದರ್ಶಿಯ ಬಳಿ. ಸಾಮೂಹಿಕ ಬೇಸಾಯದ ರೈತನಿಗೆ ಊರು ಬಿಟ್ಟು ಹೋಗಲು ಬೇಕಾದ ಒಳನಾಡಿನ ಪಾಸ್‌ಪೋರ್ಟ್ ಹಕ್ಕಾಗಿ ದೊರೆತದ್ದು 1974ರ ಆದೇಶದ ತರುವಾಯ. ಅದೇ ದಶಕದಲ್ಲಿ ಯೋಜನಾಕಾರರು ಸಾವಿರಾರು ಸಣ್ಣ ಹಳ್ಳಿಗಳಿಗೆ ‘ಭವಿಷ್ಯವಿಲ್ಲದವು’ ಎಂಬ ಮುದ್ರೆ ಒತ್ತಿದರು. ಅಂತಹ ಊರಿನಲ್ಲಿ ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ಜನ ಹೊರಟರು. ಕಾಗದದ ಮೇಲಿನ ತೀರ್ಪು ತಾನಾಗಿಯೇ ನಿಜವಾಯಿತು. ಸಮಾಜವಾದದ ಹೆಸರಿನಲ್ಲಿ ಇದು ನಡೆದುದನ್ನು ನಾವು ಮುಚ್ಚಿಡಲಾರೆವು.

ಸೋವಿಯೆತ್ ಒಕ್ಕೂಟ ಅಳಿದು, 1993ರ ಸಂವಿಧಾನ ಬಂದಾಗ ಸ್ಥಳೀಯ ಸ್ವಯಮಾಡಳಿತವು ರಾಜ್ಯಾಧಿಕಾರದಿಂದ ಬೇರೆಯೆಂದು ಬರೆದರು. 2003ರಲ್ಲಿ ಕಾಯಿದೆ ಮಾಡಿ, 2006ರಿಂದ ರಯೋನಿಗೆ ಒಂದು ಮಂಡಳಿ, ಅದರ ಕೆಳಗೆ ಪಟ್ಟಣಕ್ಕೂ ಹಳ್ಳಿಗಳ ಪ್ರತಿ ಗುಂಪಿಗೂ ಚುನಾಯಿತ ಮಂಡಳಿ ಎಂಬ ಎರಡಂತಸ್ತಿನ ವ್ಯವಸ್ಥೆ ತಂದರು. ತೋಲ್ಷ್ಮ ನದಿಯ ದಂಡೆಯ ನಿಕೋಲ್ಸ್ಕೊಯೆ ಇಂತಹ ಒಂದು ಗುಂಪಿನ ಕೇಂದ್ರವಾಯಿತು. ನೀರು, ಬೀದಿ ದೀಪ, ಸ್ಮಶಾನ, ಬೆಂಕಿಯ ಕಾವಲು ಎಲ್ಲ ಈ ಮಂಡಳಿಗಳ ತಲೆಗೆ ಬಂದಿತು. ಕೈಗೆ ಬಂದುದು ಭೂಕಂದಾಯ, ಮನೆ ತೆರಿಗೆ, ಆದಾಯ ತೆರಿಗೆಯ ಒಂದು ಚೂರು. ಉಳಿದುದಕ್ಕೆ ಮೇಲಿನವರ ಅನುದಾನಕ್ಕಾಗಿ ಜೋಳಿಗೆ ಹಿಡಿಯಬೇಕು. ಹೊರೆ ಕೊಟ್ಟು ಎತ್ತು ಕೊಡದ ಯಜಮಾನಿಕೆ ಇದು.

ಹೀಗೆ ಸೊರಗಿಸಿದ ಮೇಲೆ, ‘ಈ ಮಂಡಳಿಗಳು ದುರ್ಬಲ, ವೆಚ್ಚ ದಂಡ’ ಎಂಬ ಮಾತು ಎದ್ದಿತು. 2022ರಲ್ಲಿ ತೋತ್ಮದ ಪಟ್ಟಣ ಮಂಡಳಿಯನ್ನೂ ಗ್ರಾಮ ಮಂಡಳಿಗಳನ್ನೂ ಕೂಡಿಸಿ ಒಂದೇ ‘ಪುರಸಭಾ ಒಕ್ರುಗ್’ ಮಾಡಿದರು. ದೇಶದಲ್ಲಿ 2006ರಲ್ಲಿ 24 ಸಾವಿರದಷ್ಟಿದ್ದ ಸ್ಥಳೀಯ ಸಂಸ್ಥೆಗಳು 2024ರ ಹೊತ್ತಿಗೆ 20 ಸಾವಿರಕ್ಕೂ ಕೆಳಗಿಳಿದವು. 2020ರ ಸಂವಿಧಾನ ತಿದ್ದುಪಡಿ ಸ್ಥಳೀಯ ಸಂಸ್ಥೆಗಳನ್ನು ‘ಏಕೀಕೃತ ಸಾರ್ವಜನಿಕ ಅಧಿಕಾರ’ದೊಳಗೆ ಸೇರಿಸಿತು. 2025ರ ಮಾರ್ಚಿನ ಕಾಯಿದೆ ಒಂದೇ ಅಂತಸ್ತನ್ನು ನಿಯಮವನ್ನಾಗಿಸಿತು. ತಾತಾರ್‌ಸ್ತಾನದಂತಹ ಗಣರಾಜ್ಯಗಳು ಒಪ್ಪದೆ ನಿಂತುದರಿಂದ, ಬೇಕಾದ ಪ್ರಾಂತಗಳು ಎರಡಂತಸ್ತನ್ನು ಉಳಿಸಿಕೊಳ್ಳಲು ಅವಕಾಶವಿತ್ತಿತು. ಅಲ್ಲಿಯೂ ಆಯ್ಕೆ ಪ್ರಾಂತದ್ದು. ಹಳ್ಳಿಯದಲ್ಲ.

ಎದುರು ವಾದವನ್ನೂ ಕೇಳೋಣ. ಬೆರಳೆಣಿಕೆಯ ಮುದುಕರಿರುವ ಊರುಗಳಿಗೆ ಗುಮಾಸ್ತ, ಲೆಕ್ಕಿಗ, ಅಧ್ಯಕ್ಷ ಏಕೆ? ಕೂಡಿಸಿದರೆ ಸಂಬಳ ಉಳಿಯುವುದಿಲ್ಲವೆ? ಉಳಿಯಬಹುದು. ಲೆಕ್ಕಪತ್ರ ಒಂದೇ ಕಡೆ ಬರೆದರೆ ನಮ್ಮ ಆಕ್ಷೇಪವೂ ಇಲ್ಲ. ಆದರೆ ಲೆಕ್ಕಿಗನನ್ನು ಕೂಡಿಸುವುದಕ್ಕೂ ಮತದಾರನ ಬಾಯಿ ಮುಚ್ಚುವುದಕ್ಕೂ ಅಂತರವಿದೆ. ಕಚೇರಿಯ ಶಾಖೆಯೊಂದು ಹಳ್ಳಿಯಲ್ಲಿ ಉಳಿದೀತು. ಅಲ್ಲಿ ಕುಳಿತವನು ತನ್ನನ್ನು ನೇಮಿಸಿದವರಿಗೆ ಉತ್ತರ ಹೇಳುತ್ತಾನೆಯೇ ಹೊರತು ಬಾವಿ ಕೆಟ್ಟಿತೆಂದು ಬಂದ ಮುದುಕಿಗೆ ಹೇಳುವುದಿಲ್ಲ. ಜನವಿಲ್ಲವೆಂದು ಚಾವಡಿ ಮುಚ್ಚುತ್ತಾರೆ, ಚಾವಡಿ ಇಲ್ಲವೆಂದು ಜನ ಹೋಗುತ್ತಾರೆ. 2010ರ ಗಣತಿಯಲ್ಲಿ ರಷ್ಯದ 19 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಸಾರಿದರು. ಜಾರನ ಧ್ವಜ, ಕೆಂಪು ಧ್ವಜ, ಈಗಿನ ಮೂರು ಬಣ್ಣದ ಧ್ವಜ, ಮೂರೂ ತೋತ್ಮದ ಮೇಲೆ ಹಾರಿವೆ. ಮೂವರ ಕೈಯಲ್ಲಿಯೂ ಹಳ್ಳಿಯ ಕಂಬ ನೆಟ್ಟಗೆ ನಿಲ್ಲಲಿಲ್ಲ. ಯಾವ ಸರಕಾರವೇ ಆಗಲಿ ತನ್ನನ್ನು ಜನರದೆಂದು ಹೇಳಿಕೊಂಡರೆ, ದುಡಿಯುವವರು ಕೇಳಬೇಕಾದ ಪ್ರಶ್ನೆಗಳು ಎರಡೇ: ಊರಿನ ಹಣದ ಚೀಲ ಯಾರ ಕೈಯಲ್ಲಿದೆ? ಆ ಕೈಯನ್ನು ಊರಿನವರು ಬದಲಿಸಬಲ್ಲರೆ?