ಒಳ್ಳೆಯ ಕೊಲೆಸ್ಟರಾಲಿಗೆ ಗುಳಿಗೆ ಬೇಕೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈಗ ಮಣ್ಣು ಪರೀಕ್ಷೆಯ ಚೀಟಿಯಂತೆ ರಕ್ತ ಪರೀಕ್ಷೆಯ ಚೀಟಿಯೂ ಮನೆಗೆ ಬರತೊಡಗಿದೆ. ಅದರಲ್ಲಿ ಎಚ್.ಡಿ.ಎಲ್. ಎಂಬ ಅಂಕಿ ಕಡಿಮೆ ಇದ್ದರೆ, ಒಳ್ಳೆಯ ಕೊಲೆಸ್ಟರಾಲನ್ನು ಏರಿಸುತ್ತೇವೆಂದು ಗುಳಿಗೆಯ ಡಬ್ಬಿ ಮಾರುವವರು ಸಿಕ್ಕೇ ಸಿಗುತ್ತಾರೆ. ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಆದರೂ ಶೇಂಗಾ ಮಾರಿದ ಹಣವನ್ನು ಈ ಡಬ್ಬಿಗಳಿಗೆ ಸುರಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್.ಡಿ.ಎಲ್. ಹೆಚ್ಚಾದರೆ ಕೊಲೆಸ್ಟರಾಲ್ ರಕ್ತನಾಳಗಳ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಎಚ್.ಡಿ.ಎಲ್. ಅದನ್ನು ಹೊತ್ತು ಯಕೃತ್ತಿಗೆ ಮರಳಿಸುತ್ತದೆ. ಅದಕ್ಕೇ ಅದು 'ಒಳ್ಳೆಯದು'. ಇದು ಹೆಚ್ಚಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನ 1977ರಲ್ಲಿ ತೋರಿಸಿತು. ಹಾಗಾದರೆ ಗುಳಿಗೆ ಕೊಟ್ಟು ಏರಿಸೋಣವೆಂದು ಹೊರಟರು. ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವವನ್ನು, ಮತ್ತೊಂದು ಔಷಧಿಯೊಡನೆ, ದಿನಕ್ಕೆ 2 ಗ್ರಾಂನಂತೆ ಸುಮಾರು 4 ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ 25 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ನಿಯಾಸಿನ್, ಉಳಿದವರಿಗೆ ಬರಿಯ ಸಪ್ಪೆ ಗುಳಿಗೆ. 2014ರಲ್ಲಿ ಫಲಿತಾಂಶ ಹೊರಬಂತು. ಎಚ್.ಡಿ.ಎಲ್. ಏರಿತ್ತು, ಹೃದಯಾಘಾತ ಇಳಿದಿರಲಿಲ್ಲ. ಮೇಲಾಗಿ ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವಗಳು ಹೆಚ್ಚಿದ್ದವು. ಎಚ್.ಡಿ.ಎಲ್. ಏರಿಸಲೆಂದೇ ತಯಾರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧಿಯ ಪ್ರಯೋಗವನ್ನಂತೂ ಸಾವುಗಳು ಹೆಚ್ಚಿದ್ದರಿಂದ 2006ರಲ್ಲೇ ನಿಲ್ಲಿಸಬೇಕಾಯಿತು.

ನಿಮಗೆ ಇದು ಆಶ್ಚರ್ಯವೆನಿಸಬಾರದು. ಶೇಂಗಾಕ್ಕೆ ಯೂರಿಯಾ ಅತಿಯಾಗಿ ಹಾಕಿದರೆ ಗಿಡ ಕಡುಹಸಿರಾಗಿ ಸೊಕ್ಕಿ ಬೆಳೆಯುತ್ತದೆ, ಕಿತ್ತು ನೋಡಿದರೆ ಕಾಯಿ ಕಡಿಮೆ. ಕಾಯಿ ತುಂಬಲು ಬೇಕಾದದ್ದು ಜಿಪ್ಸಂನಲ್ಲಿರುವ ಸುಣ್ಣದ ಅಂಶ. ಹಸಿರು ಬಣ್ಣವನ್ನು ಕಂಡು ಇಳುವರಿಯನ್ನು ಎಣಿಸುವವರುಂಟೆ?

ಇನ್ನೊಂದು ಮಾತು. ಆ ನಿಯಾಸಿನ್ ನಿಮ್ಮ ಶೇಂಗಾದಲ್ಲೇ ಇದೆ. 100 ಗ್ರಾಂ ಬೀಜದಲ್ಲಿ ಸುಮಾರು 12 ಮಿಲಿಗ್ರಾಂ. ದಿನದ ಅಗತ್ಯ 15ರ ಆಸುಪಾಸು. 2 ಗ್ರಾಂ ಎಂದರೆ ಅದರ ನೂರಕ್ಕೂ ಹೆಚ್ಚು ಪಟ್ಟು. ಅದನ್ನು ಆಹಾರ ಪೂರಕವೆಂದು ಹೇಗೆ ಕರೆಯುವುದು? ಶೇಂಗಾ ಬೀಜದ ಅರ್ಧದಷ್ಟು ಎಣ್ಣೆ, ಕಾಲು ಭಾಗ ಸಸಾರಜನಕ. ಎಣ್ಣೆಯ ಬಹುಪಾಲು ಕೆಟ್ಟ ಕೊಲೆಸ್ಟರಾಲನ್ನು ಏರಿಸದ ಜಾತಿಯ ಕೊಬ್ಬು. ಹೀಗಿದ್ದೂ ಬೆಳೆದ ಶೇಂಗಾವನ್ನೆಲ್ಲ ಮಾರುಕಟ್ಟೆಗೆ ಸಾಗಿಸಿ, ಅಂಗಡಿಯಿಂದ ತಾಳೆ ಎಣ್ಣೆ ತರುವ ಮನೆಗಳು ಕಡಿಮೆಯೇನಲ್ಲ. ಮೆಕ್ಕೆಜೋಳ ಹೊಲ ತುಂಬಿದ ಕಡೆ ನವಣೆಯನ್ನೂ ಕೊಂಡೇ ಉಣ್ಣಬೇಕಾಗಿದೆ. ಮಂಡಕ್ಕಿ ತಿನ್ನಬೇಡಿರೆಂದು ಈ ಸೀಮೆಯಲ್ಲಿ ಹೇಳುವ ಧೈರ್ಯ ನನಗಿಲ್ಲ; ಜೊತೆಗಿನ ಮಿರ್ಚಿಯನ್ನು ಎಷ್ಟು ಸಲ ಕಾಯಿಸಿದ ಎಣ್ಣೆಯಲ್ಲಿ ಕರಿದಿದ್ದಾರೆಂದು ಮಾತ್ರ ನೋಡಿರಿ.

ಬೀಡಿ ಬಿಟ್ಟರೆ, ದಿನವೂ ಚುರುಕಾಗಿ ನಡೆದರೆ ಎಚ್.ಡಿ.ಎಲ್. ಖರ್ಚಿಲ್ಲದೆ ತುಸು ಏರುತ್ತದೆ, ಹೃದಯಕ್ಕೂ ಹಿತ. ಎಲ್.ಡಿ.ಎಲ್. ಇಳಿಸಲು ವೈದ್ಯರು ಬರೆದುಕೊಟ್ಟ ಗುಳಿಗೆಯ ಮಾತೇ ಬೇರೆ. ಅದರಿಂದ ಹೃದಯಾಘಾತ ತಗ್ಗುವುದು ರುಜುವಾತಾಗಿದೆ. ಅದನ್ನು ನಿಲ್ಲಿಸಿ ಡಬ್ಬಿಯ ಗುಳಿಗೆ ಹಿಡಿಯುವವರು ಪ್ರಾಣಕ್ಕೇ ಅಪಾಯ ತಂದುಕೊಳ್ಳುತ್ತಾರೆ.

ಈ ಸುಗ್ಗಿಯಲ್ಲಿ ಒಂದೆರಡು ಚೀಲ ಶೇಂಗಾವನ್ನು ಮನೆಗೆಂದೇ ಉಳಿಸಿರಿ. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುವಷ್ಟು ಕಾಯಿಯನ್ನು ಒಣಗಿಸಿ, ಸಿಪ್ಪೆ ಸಮೇತ ಇಡಿರಿ. ಬೂಷ್ಟು ಹಿಡಿದ ಬೀಜವನ್ನು ಗಾಣಕ್ಕೂ ಹಾಕಬೇಡಿರಿ, ದನಕ್ಕೂ ಹಾಕಬೇಡಿರಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ.