ಬಿರುಗಾಳಿ ಬರೀ ಕರಾವಳಿಯವರ ಕಥೆ ಅಲ್ಲ

(1/5)
ಚಂಡಮಾರುತಕ್ಕೆ ಒಂದು ಹೆಸರಿರುತ್ತೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕರಾವಳಿಯವರಿಗೆ ಮುಂಚೆನೇ ಎಚ್ಚರಿಕೆ ಸಿಕ್ಕಿತ್ತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬೀಸೋ ಗಾಳಿಗೆ ಹೆಸರೂ ಇಲ್ಲ, ಟಿವಿಯಲ್ಲಿ ಮ್ಯಾಪೂ ಇಲ್ಲ. ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆ ಶುರುವಾದ್ರೆ ಮಧ್ಯಾಹ್ನ ಸುಡು ಬಿಸಿಲು, ಸಂಜೆ ಅರ್ಧ ಗಂಟೆ ಗಾಳಿ. ಅಷ್ಟರಲ್ಲೇ ತೆಂಗಿನ ಮರ ಲೈನ್ ಮೇಲೆ, ಕಂಬ ನೆಲದ ಮೇಲೆ. ಕರೆಂಟ್ ಯಾವಾಗ ಬರುತ್ತೋ ದೇವರಿಗೇ ಗೊತ್ತು.

ಆಗ ಎಲ್ಲರ ಮನೆಯಲ್ಲೂ ಒಂದೇ ಮಾತು: "ಒಂದು ಇನ್ವರ್ಟರ್ ತಗೊಂಬಿಡೋಣ." ನಾನು ಹೇಳೋದು, ಅದು ಕೊನೆಯ ಖರ್ಚಾಗಬೇಕು. ಅದಕ್ಕಿಂತ ಮುಂಚೆ ಮೂರು ಕೆಲಸ ಇವೆ.

(2/5) ನೀರು
ನಮ್ಮಲ್ಲಿ ಕರೆಂಟ್ ಹೋದ್ರೆ ಲೈಟಿನ ಜೊತೆ ನೀರೂ ಹೋಗುತ್ತೆ. ಬೋರ್‌ವೆಲ್ ಮೋಟಾರು ತ್ರೀ ಫೇಸ್. ಮನೆಯ ಇನ್ವರ್ಟರ್ ಅದನ್ನ ಓಡಿಸಲ್ಲ. ತೋಟದ ಮನೆಗಳ ಪಾಡು ಇನ್ನೂ ಕಷ್ಟ. ಎಷ್ಟೋ ಮನೆಗಳು ಪಂಪ್‌ಸೆಟ್ ಲೈನಿನ ಮೇಲೇ ಇವೆ. ಊರೊಳಗೆ ಕರೆಂಟ್ ಬಂದ ಮೇಲೂ ಅಲ್ಲಿ ಕತ್ತಲೇ ಇರಬಹುದು.

ಲೆಕ್ಕ ಹಾಕೋಣ. ಬೇಸಿಗೆಯಲ್ಲಿ ಹಾಲು ಕೊಡೋ ಒಂದು ಹಸುವಿಗೆ ದಿನಕ್ಕೆ ಕಡಿಮೆ ಅಂದ್ರೂ 50 ಲೀಟರ್. ಎರಡು ಹಸುಗೆ 100. ನಾಲ್ಕು ಜನಕ್ಕೆ ತಲಾ 40ರಂತೆ 160. ಒಟ್ಟು 260, ಮೂರು ದಿನಕ್ಕೆ 780 ಲೀಟರ್. ಅಂದ್ರೆ 1,000 ಲೀಟರಿನ ಒಂದು ಸಿಂಟೆಕ್ಸ್, ಏಪ್ರಿಲ್‌ನಿಂದ ಜೂನ್‌ವರೆಗೆ ಯಾವಾಗಲೂ ತುಂಬಿರಬೇಕು. ಮೋಡ ಕಟ್ಟಿದ ಮೇಲೆ ತುಂಬಿಸೋಕೆ ಹೋದ್ರೆ ಆಗಲ್ಲ. ಗಾಳಿ ಎದ್ದಾಗ ಆಟೋ ಸ್ಟಾರ್ಟರ್ ಆಫ್ ಮಾಡಿ. ಕರೆಂಟ್ ಬಂದು ಹೋಗಿ ಆಡಿದ್ರೆ ಸುಡೋದು ನಮ್ಮ ಮೋಟಾರೇ.

(3/5) ಅಟ್ಟ
ನಮ್ಮ ಮನೆಗಳ ವರ್ಷದ ದುಡಿಮೆ ಬ್ಯಾಂಕಲ್ಲಿಲ್ಲ, ಅಟ್ಟದ ಮೇಲಿದೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ತಿಂಗಳುಗಟ್ಟಲೆ ಅಲ್ಲೇ ಒಣಗಬೇಕು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಶೀಟು ಹಾರಿ ಐದು ಕ್ವಿಂಟಾಲ್ ನೆನೆದು ಕೆಟ್ರೆ, ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದ್ರೂ 60,500 ಹೋಯ್ತು. ಶೀಟಿನ ಬೋಲ್ಟ್ ಬಿಗಿ ಮಾಡಿಸೋಕೆ, ಒಡೆದ ಹೆಂಚು ಬದಲಾಯಿಸೋಕೆ ಎಷ್ಟಾಗುತ್ತೆ? ಒಂದು ದಿನದ ಕೂಲಿ, ಸ್ವಲ್ಪ ಸಾಮಾನು. ಕ್ಲಾಸಲ್ಲಿ ರಿಸ್ಕ್ ಅಂತ ಪುಟಗಟ್ಟಲೆ ಬರೀತೀವಲ್ಲ, ಅದು ಇದೇ.

(4/5) ಮರ
ತೆಂಗಿನ ಮರ ಕಡಿಯೋದು ಪಾಪ ಅಂತಾರೆ ದೊಡ್ಡೋರು. ಮಕ್ಕಳ ಹಾಗೆ ಸಾಕಿದ್ದಾರೆ, ಆ ಮಾತಿಗೆ ಬೆಲೆ ಇದೆ. ಆದ್ರೆ ಸುಳಿ ಒಣಗಿದ ಮರ, ಮನೆ ಕಡೆಗೋ ಲೈನ್ ಕಡೆಗೋ ವಾಲಿದ ಮರ ಯಾರನ್ನೂ ಕೇಳಿ ಬೀಳಲ್ಲ. ವರ್ಷಕ್ಕೆ ಅದು ಕೊಡೋ ಕಾಯಿಗಿಂತ ಅದರ ಕೆಳಗೆ ಓಡಾಡೋ ಜೀವ ದೊಡ್ಡದು. ಲೈನ್ ಹತ್ತಿರದ ಮರಕ್ಕೆ ಮಾತ್ರ ನೀವೇ ಕೊಡಲಿ ಹಾಕಬೇಡಿ. ಬೆಸ್ಕಾಂಗೆ ಅರ್ಜಿ ಕೊಟ್ಟು, ಲೈನ್ ಆಫ್ ಮಾಡಿಸಿಕೊಂಡೇ ಕಡಿಸಿ.

ತಂತಿ ಬಿದ್ದಿದ್ರೆ ಸತ್ತಿದೆ ಅಂದ್ಕೋಬೇಡಿ. ಕೋಲಿನಿಂದಲೂ ಮುಟ್ಟಬೇಡಿ. ದನ ಬಿಡಬೇಡಿ, 1912ಕ್ಕೆ ಫೋನ್ ಮಾಡಿ. ಬೆಳಗಿನ ಜಾವ ತೋಟಕ್ಕೆ ಹೋಗೋರಿಗೆ ಟಾರ್ಚ್ ಕೊಟ್ಟು ಕಳಿಸಿ.

(5/5) ಇದನ್ನ ಯಾರು ಮಾಡಬೇಕು?
ನಾವೇ. ನಾವು ಹಾಸ್ಟೆಲಲ್ಲೋ ರೂಮಲ್ಲೋ ಇರ್ತೀವಿ, ತೋಟದ ಮನೇಲಿ ಅಜ್ಜಿ ತಾತ ಇಬ್ಬರೇ. ಕರೆಂಟ್ ಹೋಗಿ ಹೊತ್ತಾದ್ರೆ ಟವರಿನ ಬ್ಯಾಟರಿನೂ ಖಾಲಿ, ಆಮೇಲೆ ಫೋನ್ ಮಾಡಿ "ಹುಷಾರು" ಅನ್ನೋಕೂ ಆಗಲ್ಲ. ಅದಕ್ಕೇ ಮುಂದಿನ ಭಾನುವಾರ ಊರಿಗೆ ಹೋದಾಗ ಟ್ಯಾಂಕ್ ನೋಡಿ, ಅಟ್ಟ ಹತ್ತಿ, ತೋಟ ಸುತ್ತಿ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಹಾಕ್ಕೊಳ್ಳಿ. ಟಾರ್ಚು, ಪವರ್ ಬ್ಯಾಂಕು ಚಾರ್ಜ್ ಮಾಡಿಟ್ಟು ಬನ್ನಿ. ಇಷ್ಟಾದ ಮೇಲೂ ದುಡ್ಡು ಮಿಕ್ಕಿದ್ರೆ ಇನ್ವರ್ಟರ್ ತಗೊಳ್ಳಿ, ನಾನೇನೂ ಬೇಡ ಅನ್ನಲ್ಲ.

ನಿಮ್ಮ ತೋಟದಲ್ಲಿ ಲೈನ್ ಕಡೆ ವಾಲಿದ ಮರ ಎಷ್ಟಿವೆ? ಎಣಿಸಿ, ಕಾಮೆಂಟಲ್ಲಿ ಹೇಳಿ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ತೋಟದಮನೆ #ಕಲ್ಪತರುನಾಡು